ಚಿಕ್ಕ ಡ್ರೋನಿಗೆ ಚಕ್ರ ಕಟ್ಟುವುದು: ನೆಲದಲ್ಲಿ ಓಡಿ ಗಾಳಿಯಲ್ಲಿ ಹಾರುವ ರಿಮೋಟ್ ಆಟಿಕೆ

ನೆಲದ ಮೇಲೆ ಓಡಿ, ಬೇಕೆಂದಾಗ ಮೇಲೇಳುವ ರಿಮೋಟ್ ಆಟಿಕೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಚಕ್ರಗಳಿಗೆ ಬೇರೆಯೇ ಮೋಟಾರು, ಗಿಯರ್ ಇರುತ್ತವೆ. ರಿಮೋಟಿನ ಗುಂಡಿ ಒಮ್ಮೆ ಒತ್ತಿದರೆ ಕಾರು, ಇನ್ನೊಮ್ಮೆ ಒತ್ತಿದರೆ ಡ್ರೋನ್. ಇನ್ನೊಂದು ಜಾತಿಯಲ್ಲಿ ಚಕ್ರಕ್ಕೆ ಸ್ವಂತ ಶಕ್ತಿಯೇ ಇಲ್ಲ, ಅಚ್ಚಿನ ಮೇಲೆ ಸುಮ್ಮನೆ ಉರುಳುತ್ತದೆ ಅಷ್ಟೇ. ಹಾರಿಸುವ ಪ್ರೊಪೆಲ್ಲರ್‌ಗಳೇ ಓಡಿಸುವುದನ್ನೂ ನೋಡಿಕೊಳ್ಳುತ್ತವೆ.

ಮನೆಯಲ್ಲಿ ಕಟ್ಟುವುದಾದರೆ ಎರಡನೆಯದನ್ನೇ ಕಟ್ಟಿ. ಮೊದಲನೆಯದರಲ್ಲಿ ಗಿಯರ್ ಮೋಟಾರುಗಳು ಹಾರುವಾಗ ಸತ್ತ ತೂಕ, ಓಡುವಾಗ ಪ್ರೊಪೆಲ್ಲರ್ ಮೋಟಾರುಗಳು ಸತ್ತ ತೂಕ. ತೂಕದ ಬೆಲೆ ಎಷ್ಟು ಎಂಬುದಕ್ಕೆ ಒಂದು ಒಳ್ಳೆಯ ಲೆಕ್ಕ ಇದೆ. ಫ್ರಾನ್ಸಿನ ಪ್ಯಾರಟ್ ಕಂಪನಿ 2014ರಲ್ಲಿ ತಂದ ರೋಲಿಂಗ್ ಸ್ಪೈಡರ್ ಎಂಬ ಪುಟ್ಟ ಡ್ರೋನಿನ ತೂಕ ಚಕ್ರ ಇಲ್ಲದೆ 55 ಗ್ರಾಂ, ಚಕ್ರ ಹಾಕಿದರೆ 65 ಗ್ರಾಂ. ಕಂಪನಿಯೇ ಹೇಳಿದ ಹಾರಾಟದ ಅವಧಿ ಚಕ್ರ ಇಲ್ಲದೆ 8 ನಿಮಿಷ, ಚಕ್ರದೊಂದಿಗೆ 6 ನಿಮಿಷ. ಹತ್ತೇ ಗ್ರಾಂ ಎರಡು ನಿಮಿಷ ತಿಂದುಹಾಕಿತು. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ತೂಕದಷ್ಟೇ ಏರುವುದಿಲ್ಲ, ತೂಕದ ಒಂದೂವರೆ ಘಾತದಲ್ಲಿ ಏರುತ್ತದೆ. ತೂಕ ಶೇ. 18 ಏರಿದರೆ ಶಕ್ತಿ ಶೇ. 28ರಷ್ಟು ಹೆಚ್ಚು ಬೇಕು. ಆದ್ದರಿಂದ ಮುಂದೆ ಹೇಳುವ ಎಲ್ಲ ಅಳತೆಗಳ ಹಿಂದೆಯೂ ಒಂದೇ ಹಟ ಇದೆ: ಎರಡೂ ಚಕ್ರ, ಅಚ್ಚು, ಕಟ್ಟು ಎಲ್ಲ ಸೇರಿ 8 ಗ್ರಾಂ ದಾಟಬಾರದು.

ಓಡುವುದು ಹೇಗೆ?

ಡ್ರೋನಿನ ನಡುವೆ ಅಡ್ಡಲಾಗಿ ಒಂದು ಅಚ್ಚು, ಅದರ ಎರಡು ತುದಿಗೆ ಎರಡು ದೊಡ್ಡ ಚಕ್ರ. ಡ್ರೋನಿನ ದೇಹ ಈ ಅಚ್ಚಿನಿಂದ ತೂಗುತ್ತಿರುತ್ತದೆ. ಮೇಲೇಳಲು ಸಾಲದಷ್ಟು ಥ್ರಾಟಲ್ (ಪ್ರೊಪೆಲ್ಲರುಗಳ ವೇಗ ಏರಿಸಿ ಇಳಿಸುವ ಸ್ಟಿಕ್) ಕೊಟ್ಟು ಮುಂದಕ್ಕೆ ಬಾಗಿಸಿದರೆ ಪ್ರೊಪೆಲ್ಲರ್ ಬಲದ ಒಂದು ಪಾಲು ಮುಂದಕ್ಕೆ ತಳ್ಳುತ್ತದೆ. 65 ಗ್ರಾಂನ ಆಟಿಕೆಗೆ 35 ಗ್ರಾಂ ಎತ್ತುವಷ್ಟು ಥ್ರಾಟಲ್ ಕೊಟ್ಟು 20 ಡಿಗ್ರಿ ಬಾಗಿಸಿದರೆ ಮುಂದಕ್ಕೆ ಸಿಗುವ ಬಲ ಸುಮಾರು 12 ಗ್ರಾಂ. ಟೈಲ್ಸ್ ನೆಲದ ಮೇಲೆ ಹಗುರ ಚಕ್ರ ಉರುಳಲು ಇದು ಧಾರಾಳವಾಯಿತು. ಹೀಗೆ ಓಡುವಾಗ ಖರ್ಚಾಗುವ ಶಕ್ತಿ ಗಾಳಿಯಲ್ಲಿ ನಿಲ್ಲುವುದಕ್ಕೆ ಬೇಕಾದುದರ ಶೇ. 40ರಷ್ಟು ಮಾತ್ರ. ಐದು ನಿಮಿಷ ಹಾರಿಸುವ ಬ್ಯಾಟರಿ ಹತ್ತು ನಿಮಿಷಕ್ಕೂ ಹೆಚ್ಚು ಓಡಿಸುತ್ತದೆ.

ಸಾಮಾನು

ಇಲ್ಲಿ ಕಟ್ಟುವುದು ಮೋಟಾರಿನಿಂದ ಮೋಟಾರಿಗೆ ಮೂಲೆಯಿಂದ ಮೂಲೆಗೆ 100 ಮಿ.ಮೀ. ಇರುವ ಚೌಕಟ್ಟಿನ ಡ್ರೋನ್. ಬೇಕಾದವು:

8520 ಕೋರ್‌ಲೆಸ್ ಮೋಟಾರು ನಾಲ್ಕು. 8.5 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ, ಒಂದೊಂದೂ ಸುಮಾರು 5 ಗ್ರಾಂ. ಕೆಂಪು-ನೀಲಿ ತಂತಿಯವು ಎರಡು, ಕಪ್ಪು-ಬಿಳಿ ತಂತಿಯವು ಎರಡು. ಕೆಂಪು-ನೀಲಿ ಗಡಿಯಾರದ ದಿಕ್ಕಿಗೆ, ಕಪ್ಪು-ಬಿಳಿ ಅದರ ವಿರುದ್ಧ. ತಂತಿ ಅದಲುಬದಲು ಮಾಡಿ ದಿಕ್ಕು ತಿರುಗಿಸಬಹುದು, ಆದರೆ ಒಳಗಿನ ಬ್ರಶ್ ಒಂದೇ ದಿಕ್ಕಿಗೆಂದು ಕೂರಿಸಿದ್ದು, ಬೇಗ ಸವೆಯುತ್ತದೆ.

55 ಮಿ.ಮೀ. ಪ್ರೊಪೆಲ್ಲರ್ ಎರಡು ಜೊತೆ, ಮುರಿದರೆ ಬೇಕೆಂದು ಇನ್ನೆರಡು ಜೊತೆ. ರಂಧ್ರ 1 ಮಿ.ಮೀ.ನದ್ದೇ ಇರಲಿ. 0.8 ಮಿ.ಮೀ. ರಂಧ್ರದ್ದನ್ನು ಒತ್ತಿ ಕೂರಿಸಿದರೆ ಮೊದಲ ದಿನ ಚೆನ್ನಾಗಿರುತ್ತದೆ, ಆಮೇಲೆ ಬುಡದಲ್ಲಿ ಕೂದಲೆಳೆಯಷ್ಟು ಸೀಳಿ ಹಾರುತ್ತಿರುವಾಗಲೇ ಕಳಚುತ್ತದೆ.

ಬ್ರಶ್ಡ್ ಮೋಟಾರಿಗೆಂದೇ ಮಾಡಿದ, ಬೀಟಾಫ್ಲೈಟ್ ಎಂಬ ತಂತ್ರಾಂಶ ಓಡುವ ಫ್ಲೈಟ್ ಕಂಟ್ರೋಲರ್ (ಡ್ರೋನನ್ನು ಹತೋಟಿಯಲ್ಲಿಡುವ) ಬೋರ್ಡ್, ನಿಮ್ಮ ರಿಮೋಟಿಗೆ ಹೊಂದುವ ರಿಸೀವರ್. ಎರಡೂ ಸೇರಿ 5 ಗ್ರಾಂ ಒಳಗೆ. ಬೋರ್ಡಿನ ಮೋಟಾರು ಔಟ್‌ಪುಟ್ ಒಂದೊಂದೂ 5 ಆಂಪಿಯರ್ ತಡೆಯುವಂಥದ್ದಿರಬೇಕು. 7 ಮಿ.ಮೀ. ಮೋಟಾರಿಗೆಂದು ಮಾಡಿದ ಅಗ್ಗದ ಬೋರ್ಡಿಗೆ 8520 ಜೋಡಿಸಿದರೆ ಮೋಟಾರಿಗೆ ಕರೆಂಟು ಬಿಡುವ ಮಾಸ್ಫೆಟ್ ಸುಟ್ಟು, ಒಂದು ಮೋಟಾರು ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇದ್ದುಬಿಡಬಹುದು.

ಒಂದೇ ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 600ರಿಂದ 650 ಎಂಎಎಚ್, ಸುಮಾರು 17 ಗ್ರಾಂ. ಕನೆಕ್ಟರ್ ಸಾಧ್ಯವಾದರೆ ಬಿಟಿ 2.0. ಆಟಿಕೆಗಳಲ್ಲಿ ಬರುವ ಸಣ್ಣ ಬಿಳಿ ಪಿಎಚ್ 2.0 ಕನೆಕ್ಟರ್ 2 ಆಂಪಿಯರಿನದು. ನಾಲ್ಕು 8520 ಎಳೆಯುವ ಕರೆಂಟಿಗೆ ಅದರ ಕಡ್ಡಿಯೇ ಬಿಸಿಯಾಗಿ ವೋಲ್ಟೇಜು ಕುಸಿಯುತ್ತದೆ.

ಚಕ್ರಕ್ಕೆ: 1 ಮಿ.ಮೀ. ಕಾರ್ಬನ್ ಕಡ್ಡಿ ಒಂದು ಮೀಟರ್. 0.8 ಮಿ.ಮೀ. ಕಡ್ಡಿ ಒಂದು ಮೀಟರ್. ಹೊರಗೆ 3, ಒಳಗೆ 2 ಮಿ.ಮೀ. ಇರುವ ಕಾರ್ಬನ್ ಕೊಳವೆ 140 ಮಿ.ಮೀ. 2 ಮಿ.ಮೀ. ಗಟ್ಟಿ ಕಾರ್ಬನ್ ಕಡ್ಡಿ 90 ಮಿ.ಮೀ. 3ಡಿ ಪ್ರಿಂಟರಿಗೆ ಬಳಸುವ ಟೆಫ್ಲಾನ್ ಕೊಳವೆ, ಹೊರಗೆ 4 ಒಳಗೆ 2 ಮಿ.ಮೀ.ನದ್ದು, ಎರಡು ಅಂಗುಲ. ಅವಧಿ ಮುಗಿದ ಎಟಿಎಂ ಕಾರ್ಡ್ ಒಂದು. ಹೊಲಿಗೆ ದಾರ, ಫೆವಿಕ್ವಿಕ್, ಚಿಟಿಕೆ ಅಡುಗೆ ಸೋಡಾ, 2.5 ಮಿ.ಮೀ. ಅಗಲದ ಕೇಬಲ್ ಟೈ ಎರಡು, 6 ಮಿ.ಮೀ. ನೈಲಾನ್ ಸ್ಪೇಸರ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ನಾಲ್ಕು, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆಯ ಎರಡು ಚೂರು.

ಚೌಕಟ್ಟು 9, ಮೋಟಾರು 20, ಬೋರ್ಡು 5, ಬ್ಯಾಟರಿ 17, ಪ್ರೊಪೆಲ್ಲರ್, ತಂತಿ, ಕನೆಕ್ಟರ್ 5, ಅಚ್ಚು ಮತ್ತು ಕಟ್ಟು 3, ಚಕ್ರ ಎರಡಕ್ಕೂ 5 ಗ್ರಾಂ. ಒಟ್ಟು 64. ನಾಲ್ಕು 8520 ತುಂಬಿದ ಬ್ಯಾಟರಿಯಲ್ಲಿ 140 ಗ್ರಾಂ ಆಸುಪಾಸು ಎತ್ತುತ್ತವೆ. ಒಟ್ಟು ತೂಕ ಅದರ ಅರ್ಧ ದಾಟಿತೆಂದರೆ ಹಾರುತ್ತದೇನೋ ಹೌದು, ಆದರೆ ಬ್ಯಾಟರಿ ಅರ್ಧವಾದ ಮೇಲೆ ಬಿದ್ದರೆ ಸಾವರಿಸಿಕೊಳ್ಳಲು ಬಲ ಉಳಿದಿರುವುದಿಲ್ಲ. ಅಡುಗೆಮನೆಯ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು.

ಬೆಂಗಳೂರಿನವರಿಗೆ ತಂತಿ, ಕನೆಕ್ಟರ್, ಸ್ಪೇಸರ್‌ನಂಥವು ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಕಾರ್ಬನ್ ಕಡ್ಡಿಗೆ ಗಾಳಿಪಟ ಅಥವಾ ಮಾಡೆಲ್ ವಿಮಾನದ ಸಾಮಾನು ಮಾರುವವರನ್ನು ಕೇಳಿ. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನುಗಳನ್ನು ವಿದೇಶದಿಂದ ತರಿಸುವುದಕ್ಕೆ ಭಾರತದಲ್ಲಿ ನಿಷೇಧವಿದೆ. ಬಿಡಿಭಾಗಗಳಿಗೆ ಆ ನಿಷೇಧ ಇಲ್ಲ. ಹೊರದೇಶದ ಜಾಲತಾಣದಲ್ಲಿ ಚಂದ ಕಂಡ ಸಿದ್ಧ ಆಟಿಕೆಗೆ ದುಡ್ಡು ಕಟ್ಟುವ ಮೊದಲು ಇದು ನೆನಪಿರಲಿ.

ಅಳತೆ ಎಲ್ಲಿಂದ ಬಂತು?

ನಿಮ್ಮ ಚೌಕಟ್ಟು ಬೇರೆ ಅಳತೆಯದಾದರೆ ಈ ಲೆಕ್ಕ ಬೇಕಾಗುತ್ತದೆ. ಮೂಲೆಯಿಂದ ಮೂಲೆಗೆ 100 ಮಿ.ಮೀ. ಎಂದರೆ ನಡುವಿನಿಂದ ಮೋಟಾರು ಮುಂದಕ್ಕೆ 35 ಮಿ.ಮೀ., ಪಕ್ಕಕ್ಕೂ 35 ಮಿ.ಮೀ. ಅದಕ್ಕೆ ಪ್ರೊಪೆಲ್ಲರಿನ ಅರ್ಧ, 27.5 ಮಿ.ಮೀ., ಸೇರಿಸಿ: 62.5. ದೇಹ ಎಷ್ಟೇ ಬಾಗಿದರೂ ಪ್ರೊಪೆಲ್ಲರ್ ತುದಿ ಅಚ್ಚಿನಿಂದ 64 ಮಿ.ಮೀ.ಗಿಂತ ಆಚೆ ಹೋಗದು. ಚಕ್ರದ ತ್ರಿಜ್ಯ 75 ಇಟ್ಟರೆ ನೆಲಕ್ಕೆ 11 ಮಿ.ಮೀ. ಅಂತರ ಉಳಿಯುತ್ತದೆ. ಪೂರ್ತಿ ಮಗುಚಿದರೂ ಪ್ರೊಪೆಲ್ಲರ್ ನೆಲ ಮುಟ್ಟುವುದಿಲ್ಲ. ಈ ಅಂತರವನ್ನು 8ಕ್ಕಿಂತ ಇಳಿಸಬೇಡಿ. ಟೈಲ್ಸ್ ಸಂದಿಯ ಮೇಲೆ ಚಕ್ರ ಒಮ್ಮೆ ಅಮುಕಿದರೆ ಅಷ್ಟು ಹೋಗಿಬಿಡುತ್ತದೆ.

ಇನ್ನು ಮುಂದಿನ ಪ್ರೊಪೆಲ್ಲರಿಗೂ ಹಿಂದಿನದಕ್ಕೂ ನಡುವೆ ಉಳಿಯುವ ಸಂದು 15 ಮಿ.ಮೀ. ಅಚ್ಚು ಹಾಯುವುದು ಅಲ್ಲಿಯೇ. 3 ಮಿ.ಮೀ. ಕೊಳವೆ ಗಾಳಿಗೆ ಅಡ್ಡ ಬರುವುದಿಲ್ಲ.

ಚಕ್ರ ಕಟ್ಟುವುದು

ಚಕ್ರದ ಹೊರಸುತ್ತಾಗುವ 150 ಮಿ.ಮೀ. ವ್ಯಾಸದ ಬಳೆಗೆ 471 ಮಿ.ಮೀ. ಕಡ್ಡಿ ಬೇಕು. ತುದಿಗಳು ಒಂದರ ಪಕ್ಕ ಒಂದು 15 ಮಿ.ಮೀ. ಕೂರಲು ಸೇರಿಸಿ 486. ಎರಡು ಬಳೆಗೆ 972. ಒಂದು ಮೀಟರ್ ಕಡ್ಡಿಯಲ್ಲಿ ಎರಡೂ ಬಂದು 28 ಮಿ.ಮೀ. ತುಂಡು ಉಳಿಯುತ್ತದೆ, ಅಂದರೆ ಕತ್ತರಿಸುವಾಗ ತಪ್ಪಲು ಜಾಗ ಇಲ್ಲ. ಕಟಿಂಗ್ ಪ್ಲೇಯರಿನಿಂದ ಕಚ್ಚಿ ಮುರಿದರೆ ತುದಿ ಎಳೆಎಳೆಯಾಗಿ ಸೀಳುತ್ತದೆ. ಕತ್ತರಿಸುವ ಜಾಗಕ್ಕೆ ಸೆಲ್ಲೋಟೇಪ್ ಒಂದು ಸುತ್ತು ಹಾಕಿ, ಬ್ಲೇಡಿನ ಕೆಳಗೆ ಕಡ್ಡಿಯನ್ನು ಉರುಳಿಸುತ್ತ ಸುತ್ತಲೂ ಗೀರಿ, ಆಮೇಲೆ ಮುರಿಯಿರಿ. ತುದಿ ಉಜ್ಜುವಾಗ ಸ್ಯಾಂಡ್‌ಪೇಪರ್ ಒದ್ದೆ ಮಾಡಿಕೊಳ್ಳಿ, ಮಾಸ್ಕ್ ಹಾಕಿ. ಕಾರ್ಬನ್ ಪುಡಿ ಉಸಿರಿನೊಳಗೆ ಹೋಗುವುದು ಒಳ್ಳೆಯದಲ್ಲ, ಅದರ ಸಿಬರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ.

ಬಳೆಗೆ 1 ಮಿ.ಮೀ.ಗಿಂತ ದಪ್ಪದ ಕಡ್ಡಿ ತರಬೇಡಿ. 1.5 ಮಿ.ಮೀ.ನದು ಗಟ್ಟಿ ಎಂದು ಅನಿಸುತ್ತದೆ, ಆದರೆ ದಪ್ಪ ಹೆಚ್ಚಿದಷ್ಟೂ ಬಗ್ಗಿಸಿದಾಗ ಹೊರಮೈ ಹೆಚ್ಚು ಹಿಗ್ಗುತ್ತದೆ. ಇಷ್ಟು ಚಿಕ್ಕ ಬಳೆಯಲ್ಲಿ ಅದು ಮುರಿಯುವ ಅಂಚಿನಲ್ಲೇ ನಿಂತಿರುತ್ತದೆ, ಮೊದಲ ಪೆಟ್ಟಿಗೆ ಚಟ್ಟನೆ ಹೋಗುತ್ತದೆ.

ದಪ್ಪ ರಟ್ಟಿನ ಮೇಲೆ 150 ಮಿ.ಮೀ. ವೃತ್ತ ಬರೆದು, ಮೇಲೆ ಸೆಲ್ಲೋಟೇಪ್ ಹಚ್ಚಿ (ಅಂಟು ರಟ್ಟಿಗೆ ಹಿಡಿಯದಿರಲಿ), ವೃತ್ತದ ಹೊರಗೆ 30 ಡಿಗ್ರಿಗೊಂದರಂತೆ ಹನ್ನೆರಡು ಗುಂಡುಪಿನ್ ಚುಚ್ಚಿ. ಕಡ್ಡಿಯನ್ನು ಪಿನ್ನುಗಳ ಒಳಗೆ ಬಗ್ಗಿಸಿ ಕೂರಿಸಿದರೆ ತಾನೇ ಹೊರಕ್ಕೆ ಒತ್ತಿಕೊಂಡು ದುಂಡಗೆ ನಿಲ್ಲುತ್ತದೆ. ಜೋಡಣೆಯ 15 ಮಿ.ಮೀ. ಭಾಗಕ್ಕೆ ಹೊಲಿಗೆ ದಾರ ಒತ್ತೊತ್ತಾಗಿ ಸುತ್ತಿ, ಫೆವಿಕ್ವಿಕ್ ಒಂದೇ ಹನಿ ಬಿಡಿ. ದಾರ ಅದನ್ನು ಹೀರಿ ಒಳಗೆಳೆದುಕೊಳ್ಳುತ್ತದೆ. ಎರಡು ಹನಿ ಬಿಟ್ಟರೆ ಆ ಕಡೆ ಭಾರವಾಗಿ ಚಕ್ರ ಕುಣಿಯುತ್ತದೆ.

ಎಟಿಎಂ ಕಾರ್ಡಿನಿಂದ 20 ಮಿ.ಮೀ. ವ್ಯಾಸದ ಬಿಲ್ಲೆ ನಾಲ್ಕು ಕತ್ತರಿಸಿ, ಚಿಪ್ ಇರುವ ಭಾಗ ಬಿಟ್ಟು. ನಡುವೆ 4 ಮಿ.ಮೀ. ರಂಧ್ರ. ಒಂದು ಚಕ್ರಕ್ಕೆ ಎರಡು ಬಿಲ್ಲೆ, ಅವುಗಳ ನಡುವೆ 8 ಮಿ.ಮೀ. ಅಂತರ. 12 ಮಿ.ಮೀ. ಉದ್ದದ ಟೆಫ್ಲಾನ್ ತುಂಡು ಎರಡರಲ್ಲೂ ಹಾಯ್ದು ಬುಶ್ (ಅಚ್ಚಿನ ಕಡ್ಡಿ ಹಾಯುವ ಒಳಕೊಳವೆ) ಆಗುತ್ತದೆ. ಟೆಫ್ಲಾನಿಗೆ ಫೆವಿಕ್ವಿಕ್ ಹಿಡಿಯುವುದಿಲ್ಲ, ಯಾವ ಅಂಟೂ ಹಿಡಿಯುವುದಿಲ್ಲ ಎನ್ನಿ. ಅಂಟಿದ ಹಾಗೆ ಕಾಣುತ್ತದೆ, ಎರಡನೇ ಸಲ ಓಡಿಸುವಾಗ ಜಾರಿ ಹೊರಬರುತ್ತದೆ. ಹಾಗಾಗಿ ಅದನ್ನು ಕಟ್ಟಿ ಹಿಡಿಯಬೇಕು. ಕೊಳವೆಯ ಮೈಯನ್ನು ಒರಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಲ್ಲೆಗಳ ಆಚೆ ಎರಡು ಕಡೆ ಹೊರಚಾಚಿದ ಭಾಗದ ಮೇಲೆ ದಾರವನ್ನು ಉಂಗುರದಂತೆ ಹತ್ತು ಸುತ್ತು ಸುತ್ತಿ, ಆ ದಾರಕ್ಕೆ ಅಂಟು ಹಾಕಿ. ದಾರ ಬಿಲ್ಲೆಗೆ ಅಂಟುತ್ತದೆ, ಟೆಫ್ಲಾನ್ ಅದರೊಳಗೆ ಸೆರೆಯಾಗುತ್ತದೆ.

ಕಡ್ಡಿಗಳನ್ನು ಸೈಕಲ್ ಚಕ್ರದ ಹಾಗೆ ಎರಡು ಬದಿಯಿಂದ ಕೊಡಿ. 70 ಮಿ.ಮೀ. ಉದ್ದದ 0.8 ಮಿ.ಮೀ. ಕಡ್ಡಿ ಆರು, ಒಂದು ಬಿಟ್ಟು ಒಂದರಂತೆ ಮೂರು ಒಳಬಿಲ್ಲೆಯಿಂದ, ಮೂರು ಹೊರಬಿಲ್ಲೆಯಿಂದ ಹೊರಟು ಬಳೆಯನ್ನು ಸೇರಬೇಕು. ಆರನ್ನೂ ಒಂದೇ ಬಿಲ್ಲೆಗೆ ಅಂಟಿಸಿದ ಚಕ್ರ ನಿಲ್ಲಿಸಿದಾಗ ನೆಟ್ಟಗಿರುತ್ತದೆ, ಪಕ್ಕಕ್ಕೆ ಒಂದು ಪೆಟ್ಟು ಬಿದ್ದರೆ ಮಗುಚಿದ ಕೊಡೆಯಾಗುತ್ತದೆ. ಕಡ್ಡಿ ಬಳೆಗೆ ಸೇರುವಲ್ಲಿ ಎರಡು ಸುತ್ತು ದಾರ, ಚಿಟಿಕೆ ಅಡುಗೆ ಸೋಡಾ, ಅದರ ಮೇಲೆ ಫೆವಿಕ್ವಿಕ್. ಸೋಡಾ ತಾಗಿದ ಕ್ಷಣವೇ ಅಂಟು ಕಲ್ಲಾಗುತ್ತದೆ, ಸ್ವಲ್ಪ ಬಿಸಿಯೂ ಏಳುತ್ತದೆ, ಬೆರಳು ದೂರ ಇಡಿ. 0.8 ಮಿ.ಮೀ. ಕಾರ್ಬನ್ ಸಿಗದಿದ್ದರೆ ಕಡ್ಡಿ ಪೊರಕೆಯ ತೆಳು ತುದಿಭಾಗವೂ ನಡೆಯುತ್ತದೆ. ಚಕ್ರಕ್ಕೆ ಅರ್ಧ ಗ್ರಾಂನಷ್ಟು ತೂಕ ಹೆಚ್ಚಾದೀತು. ಮಳೆಗಾಲದಲ್ಲಿ ಮಾತ್ರ ಡೊಂಕಾಗುತ್ತದೆ.

ಹೀಗೆ ಕಟ್ಟಿದ ಒಂದು ಚಕ್ರ 2ರಿಂದ 2.5 ಗ್ರಾಂ ತೂಗಬೇಕು. ಮೂರು ದಾಟಿದ್ದರೆ ಅಂಟು ಹೆಚ್ಚಾಗಿದೆ ಎಂದೇ ಅರ್ಥ. ಬರಿಯ ಕಾರ್ಬನ್ ಬಳೆ ಗ್ರಾನೈಟ್ ಮೇಲೆ ಪಕ್ಕಕ್ಕೆ ಜಾರುತ್ತದೆ. ರಬ್ಬರ್ ಅಂಟನ್ನು ಬೆರಳಿನಿಂದ ಬಳೆಯ ಹೊರಮೈಗೆ ತೆಳ್ಳಗೆ ಸವರಿ ಒಣಗಿಸಿದರೆ ಹಿಡಿತ ಬರುತ್ತದೆ. ಚೆಂದ ಕಾಣಲೆಂದು ಚಕ್ರಕ್ಕೆ ತಟ್ಟೆಯಂತೆ ಕಾಗದವನ್ನೋ ಪ್ಲಾಸ್ಟಿಕನ್ನೋ ಮುಚ್ಚುವುದು ಬೇಡ. ಪಕ್ಕದ ಗಾಳಿ ಅದನ್ನೇ ಹಾಯಿ ಮಾಡಿಕೊಂಡು ಹೊತ್ತೊಯ್ಯುತ್ತದೆ.

ಅಚ್ಚು ಮತ್ತು ಸಮತೋಲ

2 ಮಿ.ಮೀ. ಕಡ್ಡಿಯನ್ನು 45 ಮಿ.ಮೀ.ನ ಎರಡು ತುಂಡು ಮಾಡಿ, 140 ಮಿ.ಮೀ. ಕೊಳವೆಯ ಎರಡು ತುದಿಗೂ 25 ಮಿ.ಮೀ. ಒಳಹೋಗುವಂತೆ ಅಂಟಿಸಿ. ಹೊರಗುಳಿದ 20 ಮಿ.ಮೀ. ಮೇಲೆ ಚಕ್ರ ಕೂರುತ್ತದೆ. ಕೊಳವೆಯ ಬಾಯಿಯೇ ಒಳಗಿನ ತಡೆ. ಹೊರಗೆ ಹೀಟ್‌ಶ್ರಿಂಕ್ ತುಂಡು ಹಾಕಿ ಬಿಸಿ ಮಾಡಿದರೆ ಅದೇ ಹೊರಗಿನ ತಡೆ. ಚಕ್ರಕ್ಕೆ ಅಕ್ಕಪಕ್ಕ ಅರ್ಧ ಮಿ.ಮೀ. ಆಡಲು ಬಿಡಿ. ಬುಶ್ ಬಿಗಿಯಾದರೆ ಕಡ್ಡಿಯನ್ನು 400ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಎಣ್ಣೆ ಹಾಕಬೇಡಿ, ಟೆಫ್ಲಾನಿಗೆ ಅದು ಬೇಕಿಲ್ಲ. ಹಾಕಿದರೆ ಮನೆಯ ದೂಳೆಲ್ಲ ಅಲ್ಲೇ ಕೂರುತ್ತದೆ.

ಅಚ್ಚು ಚೌಕಟ್ಟಿನ ತಟ್ಟೆಯ ಮೇಲ್ಮೈಯಲ್ಲಿ, ಸರಿಯಾಗಿ ನಡುಗೆರೆಯಲ್ಲಿ ಇರಬೇಕು. ಬೋರ್ಡನ್ನು 6 ಮಿ.ಮೀ. ಸ್ಪೇಸರ್ ಮೇಲೆ ಎತ್ತಿ ಅಚ್ಚಿನ ಮೇಲೆ ನಿಲ್ಲಿಸಿ, ಬ್ಯಾಟರಿ ತಟ್ಟೆಯ ಕೆಳಗೆ. ಅಚ್ಚನ್ನು ಕೇಬಲ್ ಟೈನಿಂದ ಎರಡು ಕಡೆ ಬಿಗಿಯಿರಿ, ಅಂಟು ಹಾಕಬೇಡಿ. ಗೋಡೆಗೆ ಗುದ್ದಿದಾಗ ಅಚ್ಚು ಸ್ವಲ್ಪ ಜರುಗಿ ಪೆಟ್ಟು ತಿಂದುಕೊಳ್ಳುವುದು, ತಟ್ಟೆ ಸೀಳುವುದಕ್ಕಿಂತ ಮೇಲು.

ಈಗ ಎರಡೂ ಚಕ್ರಗಳನ್ನು ಕೈಯಲ್ಲಿ ಹಿಡಿದು ದೇಹವನ್ನು ತೂಗಲು ಬಿಡಿ. ಇಡೀ ಕೆಲಸದಲ್ಲಿ ಅತಿ ಮುಖ್ಯ ಪರೀಕ್ಷೆ ಇದು. ದೇಹ ನಿಧಾನಕ್ಕೆ ತೂಗಿ ಮಟ್ಟಸವಾಗಿ ನಿಂತರೆ ಸರಿ. ಮೂತಿ ಕೆಳಗಾದರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ಎರಡು ಮಿ.ಮೀ. ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ತಿರುಗಿಸಿದ ಕಡೆಯೇ ನಿಂತುಬಿಟ್ಟರೆ, ಇಲ್ಲವೇ ತಲೆಕೆಳಗಾಗಲು ಹೋದರೆ, ಭಾರದ ಕೇಂದ್ರ ಅಚ್ಚಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದೆ. ಅದು ಅಚ್ಚಿಗಿಂತ 5ರಿಂದ 10 ಮಿ.ಮೀ. ಕೆಳಗಿರಬೇಕು. ತೀರ ಕೆಳಗಿಳಿಸಿದರೂ ತೊಂದರೆಯೇ: ಲೋಲಕದಂತೆ ತೂಗಾಡಿ ಮುಂದಕ್ಕೆ ಬಾಗಲು ಸೋಮಾರಿಯಾಗುತ್ತದೆ.

ಬೀಟಾಫ್ಲೈಟ್‌ನಲ್ಲಿ ಮಾಡಬೇಕಾದ್ದು

ಚಕ್ರ ಹಾಕುವ ಮೊದಲು ಬರಿಯ ಡ್ರೋನನ್ನು ಹಾರಿಸಿ ನೋಡಿ. ಗಾಳಿಯಲ್ಲಿ ನಿಲ್ಲಲು ಎಷ್ಟು ಥ್ರಾಟಲ್ ಬೇಕಾಯಿತು ಬರೆದಿಡಿ. ಮೋಟಾರು ಪರೀಕ್ಷೆ ಪ್ರೊಪೆಲ್ಲರ್ ತೆಗೆದು ಮಾಡಿ: 1 ಹಿಂದಿನ ಬಲ, 2 ಮುಂದಿನ ಬಲ, 3 ಹಿಂದಿನ ಎಡ, 4 ಮುಂದಿನ ಎಡ. 1 ಮತ್ತು 4 ಗಡಿಯಾರದ ದಿಕ್ಕು. ಮೋಟಾರು ಪ್ರೊಟೊಕಾಲ್ ಬ್ರಶ್ಡ್ ಎಂದೇ ಇರಲಿ. ಪ್ರೊಪೆಲ್ಲರ್ ಒತ್ತಿ ಕೂರಿಸುವಾಗ ಮೋಟಾರಿನ ತಳಕ್ಕೆ ಬೆರಳು ಆಸರೆ ಕೊಡಿ, ಇಲ್ಲದಿದ್ದರೆ ತಳದ ಪ್ಲಾಸ್ಟಿಕ್ ಮುಚ್ಚಳ ಕಳಚಿ ಬ್ರಶ್ ಹೊರಬರುತ್ತದೆ.

ಆಂಗಲ್ ಮೋಡ್ (ಸ್ಟಿಕ್ ಬಿಟ್ಟರೆ ತಾನೇ ಮಟ್ಟಸವಾಗುವ ಆಯ್ಕೆ) ಯಾವಾಗಲೂ ಆನ್. ಬಾಗುವ ಮಿತಿ 30 ಡಿಗ್ರಿ ಸಾಕು. ಏರ್ ಮೋಡ್ (ಥ್ರಾಟಲ್ ಸೊನ್ನೆಯಲ್ಲೂ ಬೋರ್ಡು ವಾಲಿದ್ದನ್ನು ಸರಿಪಡಿಸುತ್ತಲೇ ಇರುವ ಆಯ್ಕೆ) ಆಫ್. ಸಂಪರ್ಕ ತಪ್ಪಿದರೆ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಅನ್ನು ಡ್ರಾಪ್‌ಗೆ ಇಟ್ಟು, ಪ್ರೊಪೆಲ್ಲರ್ ಇಲ್ಲದೆ ರಿಮೋಟ್ ಆಫ್ ಮಾಡಿ ನೋಡಿ. ದೇಹ 25 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಬೀಟಾಫ್ಲೈಟ್ ಆರ್ಮ್ ಆಗಲು, ಅಂದರೆ ಮೋಟಾರು ಚಾಲೂ ಮಾಡಲು, ಒಪ್ಪುವುದಿಲ್ಲ. ಸ್ಮಾಲ್ ಆಂಗಲ್ ಎಂಬ ಆಯ್ಕೆಯಲ್ಲಿ 180 ಹಾಕಿದರೆ ಒಪ್ಪುತ್ತದೆ. ಆದರೆ ಅಷ್ಟು ವಾಲಿದೆ ಎಂದರೆ ಸಮತೋಲವೇ ಕೆಟ್ಟಿದೆ, ಮೊದಲು ಅದನ್ನು ಸರಿಮಾಡಿ.

ಚಕ್ರ ಹಾಕಿದ ಮೇಲೆ ಪಿಐಡಿ (ವಾಲಿದ್ದನ್ನು ಸರಿಪಡಿಸಲು ಬೋರ್ಡು ಎಷ್ಟು ಬಲ ಹಾಕಬೇಕೆಂದು ಹೇಳುವ ಪಿ, ಐ, ಡಿ ಎಂಬ ಮೂರು ಬೆಲೆ) ಬದಲಾಗಬೇಕು, ಎಲ್ಲ ಅಕ್ಷಕ್ಕೂ ಅಲ್ಲ. ಚಕ್ರಗಳು ನಡುವಿನಿಂದ 77 ಮಿ.ಮೀ. ದೂರದಲ್ಲಿವೆ, ಅಷ್ಟು ದೂರದ ಐದೇ ಗ್ರಾಂ, ರೋಲ್ (ಪಕ್ಕಕ್ಕೆ ವಾಲುವ) ಅಕ್ಷದಲ್ಲಿ 35 ಮಿ.ಮೀ. ದೂರದ ಇಪ್ಪತ್ತು ಗ್ರಾಂ ಮೋಟಾರುಗಳಿಗಿಂತ ಹೆಚ್ಚು ಜಡತ್ವ ತರುತ್ತದೆ. ಯಾ (ಎಡಬಲಕ್ಕೆ ಮೂತಿ ತಿರುಗಿಸುವ) ಅಕ್ಷದಲ್ಲೂ ಹೊರೆ ಹೆಚ್ಚುತ್ತದೆ. ಪಿಚ್‌ಗೆ, ಅಂದರೆ ಮುಂದೆ-ಹಿಂದೆ ಬಾಗುವುದಕ್ಕೆ, ಮಾತ್ರ ಏನೂ ಆಗುವುದಿಲ್ಲ, ಏಕೆಂದರೆ ದೇಹ ಬಾಗುವಾಗ ಚಕ್ರ ಜೊತೆಗೆ ತಿರುಗಬೇಕಾಗಿಲ್ಲ. ಹಾಗಾಗಿ ರೋಲ್ ಮತ್ತು ಯಾಗಳ ಪಿ ಬೆಲೆಯನ್ನು ಕಾಲುಭಾಗ ಏರಿಸಿ, ಪಿಚ್ ಮುಟ್ಟಬೇಡಿ. ಮೂರನ್ನೂ ಒಟ್ಟಿಗೆ ಏರಿಸಿದರೆ ಮೂತಿ ಗಡಗಡ ನಡುಗುತ್ತದೆ, ಮೋಟಾರು ಬಿಸಿಯಾಗುತ್ತದೆ.

ಓಡಿಸುವುದು, ಹಾರಿಸುವುದು

ಮೊದಲ ಸಲ ನಯವಾದ ನೆಲವಿರುವ ಖಾಲಿ ಕೋಣೆ, ಸೀಲಿಂಗ್ ಫ್ಯಾನ್ ಆಫ್. ಥ್ರಾಟಲ್ ನಿಧಾನಕ್ಕೆ ಕಾಲುಭಾಗಕ್ಕೆ ತನ್ನಿ, ಪಿಚ್ ಸ್ವಲ್ಪ ಮುಂದಕ್ಕೆ. ಉರುಳತೊಡಗುತ್ತದೆ. ಬ್ರೇಕ್ ಇಲ್ಲ ಎಂಬುದು ಹೊಸಬರಿಗೆ ಮರೆತುಹೋಗುತ್ತದೆ. ಪಿಚ್ ಸ್ಟಿಕ್ ಬಿಟ್ಟರೆ ನಿಲ್ಲುವುದಿಲ್ಲ, ಹಿಂದಕ್ಕೆ ಎಳೆಯಬೇಕು. ಥ್ರಾಟಲ್ ಪೂರ್ತಿ ಇಳಿಸಿದರಂತೂ ಹಿಂದಕ್ಕೆ ತಳ್ಳುವ ಬಲವೂ ಇರದು, ಸೋಫಾ ಸಿಗುವವರೆಗೆ ಉರುಳುತ್ತಲೇ ಹೋಗುತ್ತದೆ.

ತಿರುಗಿಸಲು ಯಾ ಮಾತ್ರ ಬಳಸಿ. ಕಡಿಮೆ ಥ್ರಾಟಲ್‌ನಲ್ಲಿ ಯಾ ಬಲ ಕಮ್ಮಿ. ತಿರುವಿನಲ್ಲಿ ಥ್ರಾಟಲ್ ಸ್ವಲ್ಪ ಏರಿಸಿದರೆ ಚುರುಕಾಗುತ್ತದೆ. ನೆಲದಲ್ಲಿ ರೋಲ್ ಸ್ಟಿಕ್ ಮುಟ್ಟಿದರೆ ಒಂದು ಚಕ್ರ ಎದ್ದು ಪಕ್ಕಕ್ಕೆ ಮಗುಚುತ್ತದೆ, ಆಮೇಲೆ ಕೈಯಿಂದಲೇ ಎತ್ತಬೇಕು.

ಓಡುತ್ತಿದ್ದದ್ದನ್ನು ಹಾಗೇ ಮೇಲೆಬ್ಬಿಸಿದರೆ ಬಹಳ ಸಲ ಒಂದು ಪಕ್ಕಕ್ಕೆ ಧುಮುಕುತ್ತದೆ. ನೆಲ ಚೂರು ಇಳಿಜಾರಾಗಿದ್ದರೂ ಬೋರ್ಡು ಅದನ್ನು ಮಟ್ಟ ಮಾಡಲು ಒದ್ದಾಡುತ್ತದೆ. ಚಕ್ರ ನೆಲಕ್ಕೆ ಒತ್ತಿಕೊಂಡಿರುವುದರಿಂದ ಮಟ್ಟ ಆಗುವುದಿಲ್ಲ, ಪಿಐಡಿಯ ಐ ಭಾಗದಲ್ಲಿ ಆ ಒತ್ತಾಯ ಸೇರುತ್ತಲೇ ಹೋಗುತ್ತದೆ. ನೆಲ ಬಿಟ್ಟ ಕ್ಷಣ ಅಷ್ಟೂ ಒಟ್ಟಿಗೆ ಬಿಡುಗಡೆ. ಉಪಾಯ ಸುಲಭ: ಹಾರಿಸುವ ಮೊದಲು ಥ್ರಾಟಲ್ ಸೊನ್ನೆಗೆ ತಂದು ಅರೆಕ್ಷಣ ನಿಲ್ಲಿಸಿ. ಏರ್ ಮೋಡ್ ಆಫ್ ಇದ್ದರೆ ಸೇರಿದ ಐ ಅಳಿಯುತ್ತದೆ. ಆಮೇಲೆ ಅನುಮಾನಿಸದೆ ಒಂದೇ ಸಲ ಅರ್ಧಕ್ಕಿಂತ ಮೇಲೆ ಥ್ರಾಟಲ್ ಕೊಟ್ಟು ನೆಲ ಬಿಡಿಸಿ.

ಇಳಿಯುವಾಗ ಮುಂದಕ್ಕೆ ಸ್ವಲ್ಪ ವೇಗ ಇಟ್ಟುಕೊಂಡು ಇಳಿಯುವುದೇ ಚಂದ. ಚಕ್ರ ತಾಗಿ ಉರುಳಿಕೊಂಡು ಹೋಗುತ್ತದೆ. ಕೈ ಕುದುರಿದ ಮೇಲೆ ಛಾವಣಿಯನ್ನೂ ನೋಡಬಹುದು: ಹಾರಿ ಚಕ್ರವನ್ನು ಛಾವಣಿಗೆ ಒತ್ತಿ, ಥ್ರಾಟಲ್ ಚೂರು ಹೆಚ್ಚಿಟ್ಟು ಪಿಚ್ ಕೊಟ್ಟರೆ ಛಾವಣಿಯ ಮೇಲೂ ಓಡುತ್ತದೆ. ಸುಣ್ಣ ಉದುರುವ ಹಳೆಯ ಛಾವಣಿಯಾದರೆ ಬೇಡ, ಪುಡಿ ನೇರ ಮೋಟಾರಿನೊಳಗೆ ಹೋಗುತ್ತದೆ. ಹುಲ್ಲು, ಜಲ್ಲಿ, ಮರಳಿನ ಮೇಲೆ ಓಡಿಸಲು ಹೋಗಬೇಡಿ. ಹೊಸ್ತಿಲು ಬಂದರೆ ಹಾರಿಸಿ ದಾಟಿಸಿ.

ಹೊರಗೆ ಹಾರಿಸುವವರಿಗೆ: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ ವರ್ಗ, ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಅನುಮತಿ ಇಲ್ಲದೆ ಹಾರಿಸಬಾರದ ಕೆಂಪು, ಹಳದಿ ವಲಯಗಳ ಮಾತು ಇದಕ್ಕೂ ಅನ್ವಯ. ಆ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ಸುತ್ತಲೂ ಓಡುದಾರಿಗಳೇ ಇರುವುದರಿಂದ ಮನೆಯ ತಾರಸಿಯೂ ನಿಷಿದ್ಧ ಜಾಗವಾಗಿರಬಹುದು.

ಕೆಟ್ಟರೆ ಎಲ್ಲಿ ನೋಡುವುದು?

ಥ್ರಾಟಲ್ ಕೊಟ್ಟ ತಕ್ಷಣ ದೇಹ ಅಚ್ಚಿನ ಸುತ್ತ ಗಿರಗಿರ ಸುತ್ತಿದರೆ ಬೋರ್ಡಿನ ಮೇಲೆ ಮುಂದಿನ ದಿಕ್ಕು ತೋರಿಸುವ ಬಾಣ ಹಿಂದುಮುಂದಾಗಿದೆ, ಇಲ್ಲವೇ ಪ್ರೊಪೆಲ್ಲರ್ ಜೊತೆ ಅದಲುಬದಲಾಗಿದೆ. ಸಾಮಾನ್ಯ ಡ್ರೋನ್ ಆಗಿದ್ದರೆ ಒಮ್ಮೆ ಮಗುಚಿ ನಿಲ್ಲುತ್ತಿತ್ತು. ಇದು ಚಕ್ರದೊಳಗೇ ಸುತ್ತುತ್ತಲೇ ಇರುತ್ತದೆ. ಕೈ ಹಾಕಿ ಹಿಡಿಯಲು ಹೋಗಬೇಡಿ, ರಿಮೋಟಿನಿಂದ ಮೋಟಾರು ನಿಲ್ಲಿಸಿ, ಅಂದರೆ ಡಿಸ್‌ಆರ್ಮ್ ಮಾಡಿ.

ನೇರ ಓಡದೆ ಒಂದೇ ಕಡೆ ಎಳೆದರೆ ಎರಡೂ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಬೇಗ ನಿಲ್ಲುವ ಕಡೆ ಬುಶ್‌ನಲ್ಲಿ ಕೂದಲು ಸುತ್ತಿರುತ್ತದೆ. ಪ್ರತಿ ಸಲ ಒಂದೇ ಜಾಗ ಕೆಳಗೆ ಬಂದು ನಿಂತರೆ ಅಲ್ಲಿ ಅಂಟು ಹೆಚ್ಚಾಗಿದೆ, ಎದುರು ಬದಿಗೆ ಸೆಲ್ಲೋಟೇಪಿನ ಚೂರು ಸುತ್ತಿ.

ಹಾರುವಾಗ ಒಂದು ಮೂಲೆ ಇಳಿದರೆ ಕೆಳಗಿಳಿಸಿ ನಾಲ್ಕೂ ಮೋಟಾರು ಮುಟ್ಟಿ ನೋಡಿ. ಉಳಿದವಕ್ಕಿಂತ ಬಿಸಿಯಾದದ್ದರ ಪ್ರೊಪೆಲ್ಲರ್ ತೆಗೆದರೆ ಶಾಫ್ಟಿನ ಬುಡದಲ್ಲಿ ಕೂದಲ ಉಂಗುರ ಕಾಣುತ್ತದೆ. ಬರೀ ಹಾರುವ ಡ್ರೋನಿಗೆ ಈ ರೋಗ ಅಪರೂಪ. ನೆಲದಲ್ಲಿ ಓಡುವುದಕ್ಕೆ ವಾರವಾರದ್ದು. ಚಿಮಟ ಮತ್ತು ಬ್ಲೇಡಿನ ತುದಿಯಿಂದ ಬಿಡಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಮೊನೆಯಲ್ಲಿ ಮೇಲಿನ ಬುಶ್‌ಗೆ ಮಾತ್ರ ಮುಟ್ಟಿಸಿ. ಒಳಗೆ ಸ್ಪ್ರೇ ಹೊಡೆದರೆ ಬ್ರಶ್ ಕೆಡುತ್ತದೆ. ಕೂದಲಿಲ್ಲದೆಯೂ ಬಿಸಿ, ನಿಧಾನ ಎಂದಾದರೆ ಬ್ರಶ್ ಸವೆದಿದೆ. ಮೋಟಾರು ಬದಲಿಸುವುದೇ ದಾರಿ. ಬದಲಿಸುವಾಗ ಒಂದನ್ನೇ ಬದಲಿಸದೆ ಕರ್ಣದ ಜೋಡಿಯನ್ನೂ ಬದಲಿಸಿ.

ಮೊದಲ ನಿಮಿಷ ಚೆನ್ನಾಗಿ ಹಾರಿ ಆಮೇಲೆ ನೆಲ ಬಿಡದೆ ಬರೀ ಓಡುತ್ತದೆ ಎಂದರೆ ವೋಲ್ಟೇಜು ಕುಸಿಯುತ್ತಿದೆ. ಗಾಳಿಯಲ್ಲಿ ನಿಂತಾಗ 3.3 ವೋಲ್ಟ್‌ಗಿಂತ ಕೆಳಗೆ ಹೋದರೆ ಇಳಿಸಿಬಿಡಿ. ಕನೆಕ್ಟರ್ ಮುಟ್ಟಿ ನೋಡಿ, ಬಿಸಿಯಿದ್ದರೆ ಅದನ್ನು ಬದಲಿಸಿ. ತಣ್ಣಗಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಓಡುವುದಕ್ಕೆ ಕಡಿಮೆ ಕರೆಂಟು ಸಾಕಾದ್ದರಿಂದ ಹಾರಲಾರದ ಹಳೆಯ ಬ್ಯಾಟರಿಯನ್ನು ಮಕ್ಕಳು ನೆಲದಲ್ಲಿ ಓಡಿಸಿ ಪೂರ್ತಿ ಹಿಂಡುತ್ತಾರೆ. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದು ಉಬ್ಬುವುದು ಹೀಗೆಯೇ. ಬೋರ್ಡಿನಲ್ಲಿ ಬಜರ್ ಇದ್ದರೆ ಎಚ್ಚರಿಕೆಯನ್ನು 3.4ಕ್ಕೆ ಇಡಿ, ಇಲ್ಲದಿದ್ದರೆ ರಿಮೋಟಿನ ಟೈಮರನ್ನು ಓಟಕ್ಕೂ ಹಾರಾಟಕ್ಕೂ ಸೇರಿಸಿ 7 ನಿಮಿಷಕ್ಕೆ ಇಡಿ. ಚಾರ್ಜ್ 0.65 ಆಂಪಿಯರಿಗಿಂತ ಹೆಚ್ಚು ಬೇಡ, 4.2 ವೋಲ್ಟ್‌ಗೆ ನಿಲ್ಲಬೇಕು. ವಾರಗಟ್ಟಲೆ ಬಳಸದೆ ಇಡುವುದಾದರೆ 3.8ಕ್ಕೆ ತಂದಿಡಿ. ಉಬ್ಬಿದ ಸೆಲ್ಲನ್ನು ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ, ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.